ಹೋರಿಗೆ ಮಾಲೀಸು, ಅವ್ವನ ಮೊಣಕಾಲಿಗೆ ಮುಲಾಮು!

ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಸಂಜೆ ಅರ್ಧ ತಾಸು ನಿಂತರೆ ಸಾಕು, ಆಸುಪಾಸಿನ ತಾಲೂಕುಗಳ ನಡುವಿನ ಸ್ಥಿತಿಗತಿ ತಿಳಿದುಬರುತ್ತದೆ. ನಡು ಎಂದರೆ ಇಲ್ಲಿ ಮಧ್ಯಭಾಗವಲ್ಲ, ಸೊಂಟ! ಹುಬ್ಬಳ್ಳಿಯಿಂದ ಬಂದ ಬಸ್ಸು ನಿಂತೊಡನೆ ಇಳಿದವರು ಮೊದಲು ಮಾಡುವ ಕೆಲಸ, ಚೀಲ ಕೆಳಗಿಟ್ಟು ಎರಡೂ ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗುವುದು. "ಏನ್ರೀ ಅಣ್ಣಾರ, ನಡಾ ಹಿಡದೈತೇನು?" ಎಂದು ಒಬ್ಬರು. "ಹಿಡದದ್ದು ಬಿಟ್ಟರಲ್ಲೇನ್ರೀ ಮತ್ತ ಹಿಡಿಯೋದು" ಎಂದು ಇನ್ನೊಬ್ಬರು. ಅಷ್ಟರಲ್ಲಿ ಹಾನಗಲ್ಲ ಬಸ್ಸು ಬಂದಿರುತ್ತದೆ, ಸೀಟು ಹಿಡಿಯುವ ಗದ್ದಲದಲ್ಲಿ ನಡುನೋವು ಮರೆತುಹೋಗಿರುತ್ತದೆ.

ಅಂಗಡಿಕಾರರ ಪಾಡೂ ಬೇರೆಯಲ್ಲ. ಮುಂಜಾನೆ ಬಾಗಿಲು ತೆಗೆದು ಗಾದಿಯ ಮೇಲೆ ಕುಂತವರು ಏಳುವುದು ಊಟಕ್ಕೆ, ಆಮೇಲೆ ರಾತ್ರಿ ಕೀಲಿ ಹಾಕುವುದಕ್ಕೆ. ಸವಣೂರಿನ ಖಾರದ ಅಂಗಡಿಗಳಲ್ಲಿ ದಿನಾ ಡಬ್ಬಿಗಟ್ಟಲೆ ಎಣ್ಣೆ ಕಾಯುತ್ತದೆ. ಕಡಾಯಿಯ ಮುಂದೆ ಕುಂತು ಖಾರ ಕರಿಯುವವನ ಬೆನ್ನಿಗೆ ಅದರಲ್ಲಿ ಒಂದು ಹನಿಯೂ ತಾಗುವುದಿಲ್ಲ. ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲರು, ಹಾನಗಲ್ಲ ಕಡೆಗೆ ಬಗ್ಗಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು, ಇವರ ನೋವಿನ ಲೆಕ್ಕ ಇಡುವವರು ಯಾರು? ಮೆಡಿಕಲ್ ಶಾಪಿನವರೊಬ್ಬರೇ ಇಡಬೇಕು. "ನೋವಿನ ಗುಳಿಗಿ ಎರಡ ಕೊಡ್ರಿ" ಎಂದು ಚೀಟಿಯಿಲ್ಲದೆ ಬರುವ ಗಿರಾಕಿಗಳು ಅವರಿಗೇ ಗೊತ್ತು. ಆ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ ಎಂಬುದು ಮಾತ್ರ ಗಿರಾಕಿಗೆ ಗೊತ್ತಿರುವುದಿಲ್ಲ.

ಇನ್ನೊಂದು ನೋಟ ನೋಡಿರಿ. ದೀಪಾವಳಿ ಸಮೀಪಿಸಿತೆಂದರೆ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಹೋರಿಗಳಿಗೆ ರಾಜೋಪಚಾರ. ಹುರುಳಿ, ಹಿಂಡಿ, ಕೆರೆಯಲ್ಲಿ ಈಜು, ಮೈ ತಿಕ್ಕುವುದು, ನೀವುವುದು. ಬೆದರಿಸುವ ಹಬ್ಬದಲ್ಲಿ ಓಡಬೇಕಾದ ಹೋರಿಯ ತೊಡೆ, ಭುಜ, ಬೆನ್ನು ಎಲ್ಲವನ್ನೂ ಮನೆಯ ಹುಡುಗರು ತಿಕ್ಕಿ ತಿಕ್ಕಿ ಹದಗೊಳಿಸುತ್ತಾರೆ. ಮೂಕ ಪ್ರಾಣಿಗೆ ಮಾಡಿದ್ದು ತಪ್ಪಲ್ಲ, ಮಾಡಲಿ. ಆದರೆ ಅದೇ ಮನೆಯ ಪಡಸಾಲೆಯಲ್ಲಿ ಮೊಣಕಾಲು ಹಿಡಿದುಕೊಂಡು ಕುಂತ ಮುದಿ ಅವ್ವನಿಗೆ ಸಿಗುವುದು ಹತ್ತು ರೂಪಾಯಿಯ ಮುಲಾಮಿನ ಡಬ್ಬಿ. ಅದನ್ನೂ ಅವಳೇ ಹಚ್ಚಿಕೊಳ್ಳಬೇಕು. "ಹಚ್ಚಿಕೋ ಬೇ, ನಂಗ ಹೊರಗ ಕೆಲಸ ಐತಿ" ಎಂದು ಮಗ ಹೊರಟ. ಎಲ್ಲಿಗೆ? ಹೋರಿ ಮೈ ತೊಳೆಯುವುದಕ್ಕೆ!

ಎಣ್ಣೆ ತಿಕ್ಕುವುದು ಈ ಸೀಮೆಗೆ ನಿನ್ನೆ ಮೊನ್ನೆ ಬಂದ ಶೋಕಿಯಲ್ಲ. ಹಾನಗಲ್ಲು ಪಾನುಂಗಲ್ಲಾಗಿದ್ದ ಕಾಲದಲ್ಲಿ, ಅಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದಾಗ, ಆ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಸುಮಾರು 1130ರ ಹೊತ್ತಿನ ಮಾತು. ಅಡಿಗೆಯಿಂದ ಆನೆಯವರೆಗೆ ಎಲ್ಲ ವಿಷಯ ಇರುವ ಆ ಗ್ರಂಥದಲ್ಲಿ ಸ್ನಾನಭೋಗಕ್ಕೆ ಒಂದು ಭಾಗ, ಮಲ್ಲವಿನೋದಕ್ಕೆ ಇನ್ನೊಂದು ಭಾಗ ಇದೆ. ಆ ಅರಸನ ಬಿರುದೇ ಭೂಲೋಕಮಲ್ಲ. ಅದಕ್ಕೂ ಹಿಂದಿನ ವಾಗ್ಭಟನ ಅಷ್ಟಾಂಗಹೃದಯ ದಿನಚರಿಯ ಅಧ್ಯಾಯದಲ್ಲಿ ದಿನಾ ಎಣ್ಣೆ ಹಚ್ಚಿಕೊಳ್ಳಬೇಕು, ವಿಶೇಷವಾಗಿ ತಲೆ, ಕಿವಿ, ಅಂಗಾಲುಗಳಿಗೆ ಎಂದು ಹೇಳುತ್ತದೆ. ಅಜೀರ್ಣವಾಗಿದ್ದಾಗ ಬೇಡ ಎಂದೂ ಅಲ್ಲಿಯೇ ಹೇಳಿದೆ. ಮೊದಲನೆಯದನ್ನು ಹೇಳುವವರು ಬಹಳ, ಎರಡನೆಯದನ್ನು ಹೇಳುವವರು ಕಡಿಮೆ.

ಕಿರಾಣಿ ಅಂಗಡಿಗಳಲ್ಲಿ ಒಂದೊಂದು ರೂಪಾಯಿಗೆ ಸರದಂತೆ ತೂಗುವ ಶಾಂಪೂ ಪಾಕೀಟುಗಳ ಕತೆಯೂ ಸ್ವಾರಸ್ಯವಾಗಿದೆ. ಆ ಶಬ್ದ ಹುಟ್ಟಿದ್ದು ಹಿಂದುಸ್ಥಾನಿಯ 'ಚಾಂಪೋ' ಎಂಬುದರಿಂದ. ಒತ್ತು, ಅಮುಕು ಎಂದು ಅದರರ್ಥ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿಗೆ ಹೋಗಿ ಬ್ರೈಟನ್ ಊರಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ತೆರೆದ. ನಾಲ್ಕನೆಯ ಜಾರ್ಜ್ ದೊರೆಯ ಮೈ ಒತ್ತುವ ಅಧಿಕೃತ ನೇಮಕವೇ ಅವನಿಗೆ ಸಿಕ್ಕಿತು. ಇಲ್ಲಿಯ ಮಾಲೀಸು ಅಲ್ಲಿಗೆ ಹೋಗಿ ಶಾಂಪೂ ಆಯಿತು, ಆಮೇಲೆ ಸಾಬೂನಿನ ನೀರಾಗಿ ಪಾಕೀಟಿನಲ್ಲಿ ಕುಂತು ಮರಳಿ ಬಂತು. ಕೈ ಅಲ್ಲೇ ಉಳಿಯಿತು, ನೊರೆ ಮಾತ್ರ ಬಂತು ಎನ್ನಬೇಕು.

ಇನ್ನು ಶಾಸ್ತ್ರೀಯವಾಗಿ ಇದರಲ್ಲಿ ಏನಿದೆ? ಪೆಟ್ಟು ಬಿದ್ದ ಕೂಡಲೇ ಆ ಜಾಗವನ್ನು ಉಜ್ಜಿಕೊಳ್ಳುವುದು ಕೂಸಿಗೂ ಗೊತ್ತು. ಏಕೆ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಸ್ಪರ್ಶದ ಸುದ್ದಿ ಮತ್ತು ನೋವಿನ ಸುದ್ದಿ ಎರಡೂ ಬೆನ್ನುಹುರಿಯ ಒಂದೇ ಅಗಸೆಬಾಗಿಲಿನಿಂದ ಮಿದುಳಿಗೆ ಹೋಗಬೇಕು, ಸ್ಪರ್ಶದ ಸುದ್ದಿ ನುಗ್ಗಿದರೆ ನೋವಿಗೆ ಬಾಗಿಲು ಕಿರಿದಾಗುತ್ತದೆ ಎಂದು. ಬಸ್ಸಿನ ಬಾಗಿಲು ನೆನೆಸಿಕೊಂಡರೆ ಸುಲಭವಾಗಿ ತಿಳಿಯುತ್ತದೆ. 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಸಿಕ್ಕಿದ್ದೂ ಇದೇ ವಿಷಯಕ್ಕೆ. ಶಾಖ ಮತ್ತು ಉರಿ ದೇಹಕ್ಕೆ ಹೇಗೆ ತಿಳಿಯುತ್ತವೆ ಎಂಬುದನ್ನು ಡೇವಿಡ್ ಜೂಲಿಯಸ್, ಒತ್ತಿದ್ದು ಹೇಗೆ ತಿಳಿಯುತ್ತದೆ ಎಂಬುದನ್ನು ಆರ್ಡೆಮ್ ಪಟಪೂಟಿಯನ್ ಕಂಡುಹಿಡಿದರು. ಜೂಲಿಯಸ್ ಸಾಹೇಬರು ಈ ಶೋಧನೆಗೆ ಬಳಸಿದ್ದು ಏನೆಂದುಕೊಂಡಿರಿ? ಮೆಣಸಿನಕಾಯಿಯ ಖಾರದ ಸತ್ವ! ಬ್ಯಾಡಗಿ ಪಕ್ಕದಲ್ಲೇ ಇದ್ದವರಿಗೆ ಈ ಸುದ್ದಿ ತಲುಪಲೇ ಇಲ್ಲ. (ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂಬ ತಕರಾರು ಬೇರೆ.)

ಮಾಲೀಸಿನಿಂದ ಎಲ್ಲ ರೋಗ ಓಡಿಹೋಗುತ್ತದೆಂದು ಫಲಕ ಬರೆಸಿಕೊಂಡವರೂ ಇದ್ದಾರೆ. ಸಕ್ಕರೆ ಕಾಯಿಲೆ ವಾಸಿ, ಲಕ್ವಾ ವಾಸಿ, ದೇಹದ ವಿಷವೆಲ್ಲ ಹೊರಗೆ! ಇಂಥದನ್ನು ನಂಬಿ ಗುಳಿಗೆ ಬಿಟ್ಟವರ ಗತಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಸೊಂಟನೋವಿನ ಮಟ್ಟಿಗೆ 25 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಕೊಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಹೇಳಿದ್ದು ಇಷ್ಟೇ: ಮಾಲೀಸು ಮಾಡಿಸಿಕೊಂಡವರಿಗೆ ಸ್ವಲ್ಪ ದಿನ ನೋವು ಕಡಿಮೆಯಾದದ್ದು ಕಂಡಿದೆ, ದೀರ್ಘಕಾಲದ ಮಾತು ಬೇರೆ, ಸಾಕ್ಷ್ಯವೂ ಗಟ್ಟಿಯಿಲ್ಲ. ಸ್ವಲ್ಪ ದಿನ ಎಂದರೆ ಕಡಿಮೆಯೇ? ನಾಳೆ ಮತ್ತೆ ಚೀಲ ಹೊರಬೇಕಾದವನಿಗೆ ಇವತ್ತು ರಾತ್ರಿ ನಿದ್ದೆ ಹತ್ತುವುದು ಸಣ್ಣ ಲಾಭವಲ್ಲ. ನಿದ್ದೆ ಬಂತೆಂದರೆ ಮನಸ್ಸಿನ ಅರ್ಧ ಕಿರಿಕಿರಿ ಹೋಯಿತು. ಕೈಗಡದ ಚಿಂತೆ, ಮಗಳ ಮದುವೆ ಚಿಂತೆ ಮಾಲೀಸಿನಿಂದ ಹೋಗುವುದಿಲ್ಲ. ಆದರೆ ಒಬ್ಬರು ಅರ್ಧ ತಾಸು ಕೂತು ಬೆನ್ನ ಮೇಲೆ ಕೈ ಆಡಿಸಿದರೆ ಆ ಚಿಂತೆ ಹೊರುವ ಹೆಗಲು ಸಡಿಲಾಗುತ್ತದೆ. ಮುದುಕರ ವಿಷಯದಲ್ಲಂತೂ ಇದು ಹೆಚ್ಚು ನಿಜ. ಹೆಂಡತಿ ತೀರಿಹೋದ ಮೇಲೆ ಎಷ್ಟೋ ಅಜ್ಜಂದಿರ ಮೈಯನ್ನು ವರ್ಷಗಟ್ಟಲೆ ಯಾರೂ ಪ್ರೀತಿಯಿಂದ ಮುಟ್ಟಿಯೇ ಇರುವುದಿಲ್ಲ. ಮೊಮ್ಮಗ ಕಾಲು ಒತ್ತಿದರೆ ಹೋಗುವುದು ಕಾಲಿನ ನೋವೊಂದೇ ಅಲ್ಲ.

ಈ ವಿದ್ಯೆ ನಿಜವಾಗಿ ಉಳಿದುಕೊಂಡಿರುವುದು ಬಾಣಂತಿಯ ಕೋಣೆಯಲ್ಲಿ. ಕೂಸಿಗೆ, ಬಾಣಂತಿಗೆ ಎರೆಯಲು ಬರುವ ಅಜ್ಜಿಯಂದಿರು ನಾಲ್ಕೂ ತಾಲೂಕುಗಳಲ್ಲಿ ಇನ್ನೂ ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ಮುಂಜಾನೆ ಹಂಡೆಯ ನೀರು ಕುದಿಯುವ ಹೊತ್ತಿಗೆ ಬಂದು, ಸೆರಗು ಬಿಗಿದು, ಬಚ್ಚಲಲ್ಲಿ ಕಾಲು ಚಾಚಿ ಕುಂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾರೆ. ಮೊದಲು ಎದೆ, ಆಮೇಲೆ ಕೈಕಾಲು, ಆಮೇಲೆ ಬೋರಲು ಹಾಕಿ ಬೆನ್ನು. ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ಕೂಡಿಸುವ ಆಟ. ಕೂಸು ಮೊದಲು ಕಿರುಚುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ, ಎರೆದು ಬಟ್ಟೆ ಸುತ್ತಿದರೆ ಎರಡು ಮೂರು ತಾಸು ಎಚ್ಚರವಿಲ್ಲ. ಅಷ್ಟು ಹೊತ್ತು ತಾಯಿಗೂ ನಿದ್ದೆ. ಆಕೆಯ ಸರದಿ ಬಂದಾಗ ಕಾದ ಎಣ್ಣೆ ಹಚ್ಚಿ, ಬೆನ್ನು, ಸೊಂಟ, ಮೀನಖಂಡ ಎಲ್ಲ ತಿಕ್ಕಿ, ಕಡಲೆ ಹಿಟ್ಟು ಹಚ್ಚಿ ಬಿಸಿನೀರು ಹೊಯ್ಯುತ್ತಾರೆ. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿಯೂ ಕೆಲಸ ಮಾಡುತ್ತಿರುತ್ತದೆ. ಗಂಡನ ಮನೆಯ ಸುದ್ದಿ, ಹೆಣ್ಣು ಹುಟ್ಟಿತೆಂದು ಯಾರು ಮೋರೆ ಊದಿಸಿದರು ಎಂಬ ಸುದ್ದಿ, ಎಲ್ಲ ಆ ಬಚ್ಚಲಲ್ಲಿ ಹೊರಬೀಳುತ್ತದೆ. ಬಾಣಂತಿ ಅತ್ತರೂ ನೀರಲ್ಲಿ ಕಾಣುವುದಿಲ್ಲ. ಹೆತ್ತ ಮೇಲೆ ಮನಸ್ಸು ಕುಗ್ಗುವ ಹೆಣ್ಣುಮಕ್ಕಳ ಬಗೆಗೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮಾತು ಶುರುವಾಗಿದೆ. ಎರೆಯುವ ಅಜ್ಜಿ ಆ ಮಾತನ್ನು ಯಾವ ಹೆಸರೂ ಇಡದೆ ನಡೆಸಿಕೊಂಡು ಬಂದಿದ್ದಾಳೆ.

ಕೂಸಿಗೆ ತಿಕ್ಕುವುದರಿಂದ ಏನಾಗುತ್ತದೆಂದು ಅಮೆರಿಕದ ಟಿಫನಿ ಫೀಲ್ಡ್ ಎಂಬ ವಿದುಷಿ 1986ರಲ್ಲಿ ಪರೀಕ್ಷೆ ಮಾಡಿ ನೋಡಿದರು. ದಿನ ತುಂಬದೆ ಹುಟ್ಟಿದ 40 ಕೂಸುಗಳಲ್ಲಿ ಅರ್ಧದಷ್ಟಕ್ಕೆ ದಿನಕ್ಕೆ ಮೂರು ಸಲ, ಹದಿನೈದು ನಿಮಿಷದಂತೆ ಹತ್ತು ದಿನ ಮೈ ನೀವಿ ಕೈಕಾಲು ಆಡಿಸಿದರು. ಆ ಕೂಸುಗಳ ತೂಕ ಉಳಿದವುಗಳಿಗಿಂತ ದಿನಕ್ಕೆ ನೂರಕ್ಕೆ 47ರಷ್ಟು ಹೆಚ್ಚು ಏರಿತು. 2000ರಲ್ಲಿ ಭಾರತದಲ್ಲೇ 125 ಕೂಸುಗಳ ಮೇಲೆ ಬೇರೆ ಬೇರೆ ಎಣ್ಣೆ ತಿಕ್ಕಿ ನೋಡಿದ ಸಂಶೋಧಕರು ಎಳ್ಳೆಣ್ಣೆಗೆ ಮೊದಲ ಸ್ಥಾನ ಕೊಟ್ಟರು. ತಿಕ್ಕಿದ ಮೇಲೆ ಕೂಸುಗಳ ನಿದ್ದೆ ಚೆನ್ನಾದದ್ದೂ ಕಂಡಿತು. ಹಿರೇಕೆರೂರಿನ ಅಜ್ಜಿಗೆ ಇದನ್ನು ಹೇಳಿದರೆ "ಇದನ್ನ ನೋಡಾಕ ಅಷ್ಟ ದಿನಾ ಬೇಕಾತೇನ್ರೀ ಅವರಿಗೆ?" ಎಂದಾಳು.

ಆದರೆ ಅಜ್ಜಿ ಮಾಡಿದ್ದೆಲ್ಲ ಸರಿ ಎನ್ನುವಂತಿಲ್ಲ. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಕೂಡಲೇ ನಿಲ್ಲಬೇಕು. ಮೂಗಿಗೆ ಬಿಟ್ಟ ಎಣ್ಣೆ ಪುಪ್ಪುಸಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆಂದು ಮಕ್ಕಳ ಡಾಕ್ಟರರು ಹೇಳಿ ಹೇಳಿ ಸುಸ್ತಾಗಿದ್ದಾರೆ. ನೆತ್ತಿಯ ಸುಳಿಯನ್ನು ಒತ್ತುವುದು, ತಲೆ ದುಂಡಗಾಗಲೆಂದು ಅಮುಕುವುದು, ಎದೆಯ ಹಾಲು ಹಿಂಡಿ ತೆಗೆಯುತ್ತೇವೆಂದು ಕೂಸಿನ ಎದೆ ಹಿಚುಕುವುದು, ಇವೂ ಬೇಡ. ಹೊರಸಿನ ಕೆಳಗೆ ಕೆಂಡ ಇಟ್ಟು ಬಾಗಿಲು ಮುಚ್ಚಿ ಹೊಗೆ ಹಾಕುವುದಂತೂ ತಾಯಿ ಮಗು ಇಬ್ಬರಿಗೂ ಉಸಿರು ಕಟ್ಟಿಸುವ ಕೆಲಸ. ಆಪರೇಶನ್ ಆಗಿ ಹೆತ್ತವಳ ಹೊಟ್ಟೆಯನ್ನು ಗಾಯ ಮಾಯುವ ಮೊದಲು ತಿಕ್ಕಬಾರದು, ಡಾಕ್ಟರರನ್ನು ಕೇಳಿಯೇ ಶುರು ಮಾಡಬೇಕು. ಬಾಣಂತಿಯ ಒಂದೇ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ಅದು ನರದಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಸರಿದು ಎದೆಗೆ ಹೋಗಿ ಜೀವಕ್ಕೇ ಬರುತ್ತದೆ. ಇಂಥ ನಾಲ್ಕಾರು ಮಾತನ್ನು ಅಜ್ಜಿಯರಿಗೆ ತಿಳಿಸಿ ಹೇಳುವುದು ಕಷ್ಟದ ಕೆಲಸವೇ? ಒಂದು ಮಧ್ಯಾಹ್ನದ ಕೆಲಸ. ಹೇಳಿದವರು ಯಾರು?

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹೆರಿಗೆ ಆಸ್ಪತ್ರೆಗೆ ಹೋಯಿತು. ಸೂಲಗಿತ್ತಿಯ ಕೈಯಿಂದ ಹೆರಿಗೆ ತಪ್ಪಿದ್ದು ಒಳ್ಳೆಯದೇ ಆಯಿತು, ಎಷ್ಟೋ ತಾಯಂದಿರ ಜೀವ ಉಳಿಯಿತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀಯೂ ಬಂತು, ಅದೇ ವರ್ಷ ಅವರು ತೀರಿಕೊಂಡರು. ಪ್ರಶಸ್ತಿ ಒಬ್ಬರಿಗೆ ಸಿಕ್ಕಿತು, ಸರಿ. ಉಳಿದವರಿಗೆ? ಹೆರಿಗೆಯ ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದ ಬಾಣಂತಿಗೆ ಎರೆಯುವವರು ಇವತ್ತಿಗೂ ಬೇಕೇ ಬೇಕು. ಅವರಿಗೆ ಸಿಗುವುದು ಒಂದಿಷ್ಟು ರೊಕ್ಕ, ತಿಂಗಳು ತುಂಬಿದ ಮೇಲೆ ಒಂದು ಸೀರೆ, ಕುಬಸ, ಉಡಿಯಕ್ಕಿ. ಮನೆಯವರು ಅಕ್ಕರೆಯವರಾದರೆ ಊಟ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಇವರಿಗೆ ಒಂದು ಅನುಕೂಲವಾಗಿದೆ. ಮುಂಜಾನೆಯ ಮೊದಲ ಬಸ್ಸಿಗೆ ಪಕ್ಕದ ಊರಿಗೂ ಹೋಗಿ ಎರೆದು ಬರಬಹುದು. ಹಾನಗಲ್ಲ ಕಡೆಯ ಬಸ್ಸಿನಲ್ಲಿ ಎಣ್ಣೆಯ ವಾಸನೆಯ ಅಜ್ಜಿ ಪಕ್ಕಕ್ಕೆ ಕುಂತರೆ ಮೂಗು ಮುರಿಯುವ ಮೊದಲು ಪ್ರಯಾಣಿಕರು ಒಂದು ಗಳಿಗೆ ಯೋಚಿಸಬೇಕು. ತಾವೂ ಒಂದು ಕಾಲಕ್ಕೆ ಅಂಥದೇ ಕಾಲುಗಳ ಮೇಲೆ ಮಲಗಿ ಬೆಳೆದವರಲ್ಲವೇ?

ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆ ಶುರುಮಾಡಿತು. 18 ಕಸುಬುಗಳವರಿಗೆ ತರಬೇತಿ, ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಸಾಮಾನಿಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಬಡಿಗರು, ಕಮ್ಮಾರರು, ಕುಂಬಾರರು, ಕ್ಷೌರಿಕರು, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು ಎಲ್ಲರೂ ಪಟ್ಟಿಯಲ್ಲಿದ್ದಾರೆ. ಎರೆಯುವವಳು ಇಲ್ಲ. ಕೈಯೇ ಆಕೆಯ ಸಾಮಾನು, ಅದಕ್ಕೆ ಸಾಲ ಬೇಕಿಲ್ಲ ಎಂದುಕೊಂಡರೋ ಏನೋ!

ಕ್ಷೌರದಂಗಡಿಗಳ ಮಾತು ಬಂತು. ಕಟಿಂಗ್ ಮುಗಿದ ಮೇಲೆ ತಲೆಗೆ ಎಣ್ಣೆ ಹಾಕಿ ತಟ್ಟಿ ಕೊಡುವ ಮಾಲೀಸಿನಷ್ಟು ಸೋವಿಯ ಸುಖ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅದರ ಕೊನೆಗೆ ಗದ್ದ ಹಿಡಿದು ಕುತ್ತಿಗೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುವಿ ಲಟಿಕೆ ತೆಗೆಯುವುದು ಮಾತ್ರ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹಾದುಹೋಗುತ್ತವೆ. ಎಳೆತಕ್ಕೆ ಒಳಪದರ ಹರಿದರೆ ಲಕ್ವಾ ಹೊಡೆಯುತ್ತದೆ. ಹೀಗೆ ಕುತ್ತಿಗೆ ತಿರುವಿಸಿಕೊಂಡ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಲಕ್ವಾ ಹೊಡೆದದ್ದು 2024ರಲ್ಲಿ ಪತ್ರಿಕೆಗಳಲ್ಲೂ ಬಂತು. ಗಿರಾಕಿಗಳೇ "ಲಟಿಕಿ ತಗೀಬ್ಯಾಡಪಾ" ಎಂದು ಮೊದಲೇ ಹೇಳಿದರೆ ಅಂಗಡಿಯವನಿಗೂ ಒಂದು ಕೆಲಸ ಉಳಿಯಿತು. ಉಳುಕು ತೆಗೆಯುವವರಿಗೂ ಇದೇ ಮಾತು. ಬಾತ ಪಾದದಲ್ಲಿ ಎಲುಬು ಮುರಿದಿದೆಯೋ ಇಲ್ಲವೋ ಎಂಬುದು ಎಕ್ಸ್‌ರೇ ಇಲ್ಲದೆ ತಿಳಿಯುವುದಿಲ್ಲ. ಮುರಿದ ಎಲುಬಿನ ಮೇಲೆ ಔಡಲೆಣ್ಣಿ ತಿಕ್ಕಿ ಬಿದಿರಿನ ದಬ್ಬೆ ಬಿಗಿದು ಕಾಲು ಕಳೆದುಕೊಂಡವರ ಕತೆ ಹೊಸದಲ್ಲ.

ಗರಡಿಮನೆಗಳ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ, ಏಕೆಂದರೆ ಗರಡಿಮನೆಗಳೇ ಮುಗಿಯುತ್ತ ಬಂದಿವೆ. ಹನುಮಪ್ಪನ ಫೋಟೋದ ಕೆಳಗೆ ಕೆಮ್ಮಣ್ಣಿನ ಅಖಾಡದಲ್ಲಿ ಸಾಮು ಮಾಡಿ, ಒಬ್ಬ ಪೈಲ್ವಾನ ಇನ್ನೊಬ್ಬನ ಮೈಗೆ ಎಣ್ಣೆ ತಿಕ್ಕುತ್ತಿದ್ದ. ಜಾತಿ ಕೇಳುತ್ತಿರಲಿಲ್ಲ. ಈಗ ಆ ಹುಡುಗರು ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುತ್ತಾರೆ, ಮೈ ಬಿಗಿಯುತ್ತದೆ, ಸಡಿಲಿಸುವವರು ಯಾರೂ ಇಲ್ಲ.

ಇನ್ನು 'ಮಸಾಜ್' ಎಂಬ ಶಬ್ದ. ದೊಡ್ಡ ಶಹರಗಳಲ್ಲಿ ಆ ಹೆಸರಿನ ಬೋರ್ಡಿನ ಹಿಂದೆ ನಡೆಯುವ ದಂಧೆ, ಪೋಲೀಸರ ದಾಳಿ, ಮುಖಕ್ಕೆ ದುಪಟ್ಟಾ ಹಾಕಿಕೊಂಡ ಫೋಟೋ, ಇವನ್ನು ಓದಿ ಓದಿ ಜನ ಆ ಶಬ್ದಕ್ಕೇ ನಾಚುವಂತಾಗಿದೆ. ಆಯುರ್ವೇದದವರು ಅಭ್ಯಂಗ ಎಂದರೆ ಪುಣ್ಯ, ಹೋಟೆಲಿನವರು ಸ್ಪಾ ಎಂದರೆ ದುಡ್ಡು, ಊರಿನ ಅಜ್ಜಿ ತಿಕ್ಕಿದರೆ ಕೂಲಿ. ಕೆಲಸ ಒಂದೇ.

ನಾಲ್ಕೂ ತಾಲೂಕುಗಳ ಶಾಸಕರು ಮುಂದಿನ ಕೆ.ಡಿ.ಪಿ. ಸಭೆಯಲ್ಲಿ ಆಯುಷ್ ಇಲಾಖೆಯವರನ್ನು ಎದ್ದು ನಿಲ್ಲಿಸಿ ಕೇಳಬೇಕಾದ ಪ್ರಶ್ನೆಗಳು ಕಠಿಣವಾದವಲ್ಲ. ತಾಲೂಕಿನ ಸರಕಾರಿ ಆಯುರ್ವೇದ ಚಿಕಿತ್ಸಾಲಯಗಳಲ್ಲಿ ಎಣ್ಣೆ ತಿಕ್ಕಿ ಶಾಖ ಕೊಡಲು ಮಂದಿ ಎಷ್ಟಿದ್ದಾರೆ? ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಇದ್ದಾರೆಯೇ? ವರ್ಷಕ್ಕೆ ಎಣ್ಣೆ ಎಷ್ಟು ಬಂತು, ಎಷ್ಟು ಮಂದಿಯ ಬೆನ್ನಿಗೆ ತಾಗಿತು? ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಆಯುರ್ವೇದ ಮಹಾವಿದ್ಯಾಲಯವಿದೆ. ಅಲ್ಲಿಯ ಕಲಿತ ವೈದ್ಯರನ್ನೂ ಒಬ್ಬ ಮಕ್ಕಳ ಡಾಕ್ಟರರನ್ನೂ ಕರೆಸಿ, ಎರೆಯುವ ಅಜ್ಜಿಯರನ್ನು ಆಶಾ ಕಾರ್ಯಕರ್ತೆಯರ ಮೂಲಕ ಒಂದೆಡೆ ಸೇರಿಸಿದರೆ ಇಬ್ಬರೂ ಒಬ್ಬರಿಂದೊಬ್ಬರು ಕಲಿತಾರು. ಅಜ್ಜಿ ಮೂಗಿಗೆ ಎಣ್ಣೆ ಬಿಡುವುದನ್ನು ಬಿಟ್ಟಾಳು. ಡಾಕ್ಟರರು ಕೂಸನ್ನು ಕಾಲ ಮೇಲೆ ಹೇಗೆ ಮಲಗಿಸಬೇಕೆಂದು ಕಂಡಾರು. ಆಕೆಗೊಂದು ಗುರುತಿನ ಚೀಟಿ, ಒಂದು ಎರಕಕ್ಕೆ ಇಷ್ಟು ಎಂಬ ದರ ಗೊತ್ತಾದರೆ ಸೊಸೆಯೋ ಮಗಳೋ ಕಸುಬು ಕಲಿಯಲು ಮುಂದೆ ಬಂದಾಳು. ಈಗ ಬರುತ್ತಿಲ್ಲ. ಬಟ್ಟೆ ಅಂಗಡಿಯಲ್ಲಿ ತಿಂಗಳ ಪಗಾರ ಸಿಗುವಾಗ ಬಚ್ಚಲಲ್ಲಿ ಕುಂತು ಮೈ ಸುಟ್ಟುಕೊಳ್ಳಲು ಯಾವ ಹುಡುಗಿ ಒಪ್ಪುತ್ತಾಳೆ?

ಅಲ್ಲಿಯವರೆಗೆ ಮನೆಯಲ್ಲೇ ಆಗುವಷ್ಟು ಕೆಲಸವಿದೆ. ನೀರು ತುಂಬುವ ಹಬ್ಬದ ಮರುದಿನ ಮಾತ್ರ ನೆತ್ತಿಗೆ ಎಣ್ಣೆ ಎಂಬ ಪದ್ಧತಿ ಬಿಟ್ಟು ವಾರಕ್ಕೊಮ್ಮೆಯಾದರೂ, ಅಂಗಡಿಗೆ ರಜೆ ಇದ್ದ ದಿನ, ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆಚ್ಚಗೆ ಮಾಡಿಕೊಂಡರೆ ಆಯಿತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಹಚ್ಚುವವರು ತಮ್ಮ ಮುಂಗೈ ಮೇಲೆ ಮೊದಲು ಹಾಕಿ ನೋಡಬೇಕು. ಎಣ್ಣೆ ಹಚ್ಚಿದ ಕಾಲಲ್ಲಿ ಬಚ್ಚಲಿಗೆ ನಡೆದು ಜಾರಿ ಬಿದ್ದ ಮುದುಕರ ತೊಡೆಯ ಎಲುಬು ಕೂಡಿಸುವುದು ಬಲು ತ್ರಾಸು, ಕೈ ಹಿಡಿದು ಕರೆದೊಯ್ಯಬೇಕು. ಅವ್ವನ ಮೊಣಕಾಲಿಗೆ ಹದಿನೈದು ನಿಮಿಷ ಸಾಕು. ಅಷ್ಟು ಹೊತ್ತು ಹೋರಿ ಕಾಯುತ್ತದೆ.